ನಿಮ್ಮ ಉಳಿತಾಯದಲ್ಲಿ ಬೇರೆಯವರ ಕೈ

ಮನೆಖರ್ಚಿನಲ್ಲಿ ಉಳಿಸಿದ ಹಣವನ್ನು ಮಕ್ಕಳ ಓದಿಗೆಂದು ಮ್ಯೂಚುವಲ್ ಫಂಡ್‌ನಲ್ಲಿ ಹಾಕುವವರು ನಮ್ಮಲ್ಲೂ ಇದ್ದಾರೆ. ಬಡ್ಡಿ, ಮದ್ಯ, ಜೂಜಿನ ಕಂಪೆನಿಗಳಿಂದ ದೂರವಿರುವ ಟಾಟಾ ಎಥಿಕಲ್ ಫಂಡ್‌ನಂತಹ ಯೋಜನೆಗಳೂ ಇವೆ. ಆದರೆ ಕಂಪೆನಿ ಹಲಾಲ್ ಆದರೆ ಸಾಕೇ? ನಮ್ಮ ಹಣವನ್ನು ನಿರ್ವಹಿಸುವ ಕೈಯೂ ಶುದ್ಧವಾಗಿರಬೇಡವೇ?

ಫಂಡ್ ಮ್ಯಾನೇಜರ್ ಕಂಪೆನಿಗಳ ಲೆಕ್ಕಪತ್ರ ಓದಿ, ವಿಚಾರಿಸಿ, ಒಳ್ಳೆಯ ಶೇರು ಆರಿಸಿದರೆ ಅದು ಅವನ ದುಡಿಮೆ. ಅದರ ಲಾಭ ನಮಗೂ ಬರುತ್ತದೆ. ಅವನಿಗೆ ಸಂಬಳವೂ ಸಿಗುತ್ತದೆ. ಇದರಲ್ಲಿ ತಪ್ಪಿಲ್ಲ. ಆದರೆ ಅವನಿಗೆ ಇನ್ನೊಂದು ಗುಟ್ಟೂ ಗೊತ್ತಿರುತ್ತದೆ: ನಾಳೆ ನಮ್ಮ ಹಣದಿಂದ ಯಾವ ಶೇರು ಕೊಳ್ಳಲಾಗುವುದು ಎಂಬುದು.

ಒಂದು ಉದಾಹರಣೆ ನೋಡಿ. ಫಂಡ್ ಒಂದು ಕಂಪೆನಿಯ 10 ಲಕ್ಷ ಶೇರು ಕೊಳ್ಳಲಿದೆ. ಬೆಲೆ 100 ರೂಪಾಯಿ. ವಿಷಯ ತಿಳಿದವನು ತನ್ನ ಗೆಳೆಯನಿಂದ ಮೊದಲೇ 50,000 ಶೇರು ಕೊಳ್ಳಿಸುತ್ತಾನೆ. ಫಂಡ್ ಕೊಳ್ಳತೊಡಗಿದಾಗ ಬೆಲೆ 102ಕ್ಕೆ ಏರುತ್ತದೆ. ಗೆಳೆಯ ಆಗ ಮಾರುತ್ತಾನೆ. ಒಂದೇ ದಿನದಲ್ಲಿ ಒಂದು ಲಕ್ಷ ರೂಪಾಯಿ ಲಾಭ! ಆ ಫಂಡ್‌ನಲ್ಲಿ ಒಂದು ಲಕ್ಷ ಮನೆಗಳ ಹಣವಿದ್ದರೆ, ಪ್ರತಿ ಮನೆಯಿಂದ ಹೋದದ್ದು ಒಂದೇ ರೂಪಾಯಿ. ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕೆ 'ಫ್ರಂಟ್ ರನ್ನಿಂಗ್' ಎನ್ನುತ್ತಾರೆ.

ಇದು ಬರೀ ಕಲ್ಪನೆಯಲ್ಲ. 2022ರ ಮೇ ತಿಂಗಳಲ್ಲಿ ಇಂತಹ ಆರೋಪದ ತನಿಖೆಯ ನಡುವೆ ಆಕ್ಸಿಸ್ ಮ್ಯೂಚುವಲ್ ಫಂಡ್ ತನ್ನ ಇಬ್ಬರು ಮ್ಯಾನೇಜರ್‌ಗಳನ್ನು ಕೆಲಸದಿಂದ ದೂರವಿಟ್ಟಿತು. 2023ರ ಫೆಬ್ರವರಿಯಲ್ಲಿ ಶೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ, ಮಧ್ಯಂತರ ಆದೇಶದಲ್ಲಿ ಫಂಡ್‌ನ ಮಾಜಿ ಮುಖ್ಯ ಡೀಲರ್ ಸೇರಿ 21 ಮಂದಿ ಮತ್ತು ಸಂಸ್ಥೆಗಳನ್ನು ವ್ಯವಹಾರದಿಂದ ತಡೆಯಿತು. ಅಕ್ರಮ ಲಾಭವೆಂದು ಅದು ಲೆಕ್ಕ ಹಾಕಿದ್ದು ಸುಮಾರು 30 ಕೋಟಿ ರೂಪಾಯಿ.

ಇಸ್ಲಾಮ್ ಈ ವಿಷಯದಲ್ಲಿ ಎಷ್ಟು ಸೂಕ್ಷ್ಮವಾಗಿದೆ ನೋಡಿ. ಸರಕು ಹೊತ್ತು ಬರುವ ವರ್ತಕರ ತಂಡವನ್ನು ಪೇಟೆ ತಲುಪುವ ಮೊದಲೇ ದಾರಿಯಲ್ಲಿ ಎದುರುಗೊಂಡು ವ್ಯಾಪಾರ ಮಾಡುವುದನ್ನು ಪ್ರವಾದಿ(ಸ)ಯವರು ನಿಷೇಧಿಸಿದ್ದರು. ಪೇಟೆಯ ಬೆಲೆ ತಿಳಿಯದವನ ಅಜ್ಞಾನ, ತಿಳಿದವನ ಲಾಭವಾಗಬಾರದಲ್ಲವೇ? ಇಲ್ಲಿಯಂತೂ ವಂಚಿಸುವವನು ಅಪರಿಚಿತನಲ್ಲ, ನಾವೇ ಹಣ ಒಪ್ಪಿಸಿದವನು. ನಮ್ಮ ಹಣದಂತೆ ನಮ್ಮ ಗುಟ್ಟೂ ಅವನ ಬಳಿಯಿರುವ ಅಮಾನತ್.

ಹಾಗೆಂದು ಹೆದರಬೇಕಿಲ್ಲ. 2024ರಲ್ಲಿ ಸೆಬಿ, ಇಂತಹ ವಂಚನೆ ಪತ್ತೆಹಚ್ಚುವ ವ್ಯವಸ್ಥೆಯನ್ನು ಫಂಡ್ ಕಂಪೆನಿಗಳಿಗೇ ಕಡ್ಡಾಯ ಮಾಡಿತು. ನೀವೂ ಏಜೆಂಟರ ಮಾತಿಗೇ ಸಹಿ ಹಾಕಬೇಡಿ. ಆ ಕಂಪೆನಿಯ ಮೇಲೆ ಸೆಬಿ ಕ್ರಮವಿದೆಯೇ ಎಂದು ಓದಿದ ಮಕ್ಕಳಿಂದ ನೋಡಿಸಿ. ಎಲ್ಲ ಉಳಿತಾಯವನ್ನು ಒಂದೇ ಕಡೆ ಇಡಬೇಡಿ. ದೂರಿದ್ದರೆ ಸೆಬಿಯ 'ಸ್ಕೋರ್ಸ್' ವ್ಯವಸ್ಥೆಯಲ್ಲಿ ಸಲ್ಲಿಸಿ. ಒಂದು ರೂಪಾಯಿಯಾದರೂ ಅದು ನಿಮ್ಮ ಹಕ್ಕು. ಆ ರೂಪಾಯಿಯ ಲೆಕ್ಕ ಕೇಳುವುದು ಜಿಪುಣತನವಲ್ಲ, ಜವಾಬ್ದಾರಿ.