ಪ್ರಯೋಗಾಲಯದಿಂದ ಒಲೆಯವರೆಗೆ

ವಿಶ್ವವಿದ್ಯಾಲಯಗಳೂ ಕೈಗಾರಿಕೆಗಳೂ ಕೈಗೂಡಿಸಿ ಶಕ್ತಿಯ ಸಮಸ್ಯೆಯನ್ನು ಬಗೆಹರಿಸಬೇಕೆಂಬ ಮಾತನ್ನು ಈಗ ಎಲ್ಲ ಸಭೆಗಳಲ್ಲಿಯೂ ಕೇಳುತ್ತೇವೆ. ಕೇಳಿದಾಗ ಅನೇಕರಿಗೆ ದೊಡ್ಡ ಯಂತ್ರಗಳು ಕಣ್ಣಿಗೆ ಕಟ್ಟುತ್ತವೆ. ನನಗಾದರೋ ನಮ್ಮ ಮನೆಯ ಬಚ್ಚಲೊಲೆಯ ಹೊಗೆಯೇ ನೆನಪಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಉದ್ಯಮಿ ಜಮ್‌ಶೇಟ್‌ಜಿ ಟಾಟಾ ಅವರ ಕನಸಿನಿಂದ, ಮೈಸೂರು ಅರಸರು ಕೊಟ್ಟ ಭೂಮಿಯ ಮೇಲೆ, 1909ರಲ್ಲಿ ಸ್ಥಾಪಿತವಾಯಿತು. ಉದ್ಯಮಕ್ಕೂ ವಿದ್ಯೆಗೂ ಅಲ್ಲಿ ಹುಟ್ಟಿನಿಂದಲೇ ನಂಟು. ಆದರೆ ಹಳ್ಳಿಗೂ ಆ ವಿದ್ಯೆಗೂ ನಂಟು ಬೆಳೆಸಲೆಂದೇ ಅಲ್ಲಿ ‘ಅಸ್ತ್ರ’ ಎಂಬ ಘಟಕವು ತಲೆಯೆತ್ತಿದ್ದು 1974ರಲ್ಲಿ. ಅದರ ಮುಂದಾಳು ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರು ವಿದ್ಯುದ್ರಸಾಯನ ಶಾಸ್ತ್ರದ ಪಂಡಿತರು.

ಅವರ ಗುಂಪು ಮಾಡಿದ ಮೂರು ಪಾತ್ರೆಗಳ ‘ಅಸ್ತ್ರ ಒಲೆ’ಯ ತತ್ತ್ವ ಸರಳವಾದುದು. ನಮ್ಮ ಹಳೆಯ ಒಲೆಯ ಬಾಯಿ ಸದಾ ತೆರೆದಿರುತ್ತದೆ. ಬೇಕಾದುದಕ್ಕಿಂತ ಹೆಚ್ಚು ಗಾಳಿ ನುಗ್ಗಿ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಸೌದೆಯ ಶಾಖದಲ್ಲಿ ಪಾತ್ರೆಗೆ ದಕ್ಕುವುದು ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಹೊಸ ಒಲೆಯಲ್ಲಿ ಸೌದೆಯ ಗೂಡನ್ನು ಮುಚ್ಚಿದರು, ಕೆಳಗೆ ಜಾಲರಿಯಿಟ್ಟು ಗಾಳಿಯನ್ನು ಅಳತೆಗೆ ತಂದರು, ಬಿಸಿ ಹೊಗೆಯನ್ನು ಮೂರು ಪಾತ್ರೆಗಳ ತಳವನ್ನೂ ಸವರಿಸಿ ಚಿಮಣಿಯಿಂದ ಹೊರಗೆ ಕಳಿಸಿದರು. ಪ್ರಯೋಗಾಲಯದ ಅಳತೆಯಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಶಾಖ ಪಾತ್ರೆಗೆ ದಕ್ಕಿತು. ಇದನ್ನು ತಯಾರಿಸಲು ಕಾರ್ಖಾನೆ ಬೇಕಾಗಲಿಲ್ಲ; ತರಬೇತಿ ಪಡೆದ ಗಾರೆಯವನೇ ಇಲ್ಲಿ ‘ಕೈಗಾರಿಕೆ’! ಅವನ ಕೈ ಅಳತೆ ತಪ್ಪಿದರೆ ಪ್ರಾಧ್ಯಾಪಕರ ಲೆಕ್ಕವೂ ಕೆಟ್ಟಂತೆಯೇ.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಊರಿನ ಸಗಣಿಯಿಂದ ಅನಿಲ ತಯಾರಿಸಿ ಎಲ್ಲರ ಅಡಿಗೆಗೂ ಒದಗಿಸಬೇಕೆಂಬುದು ಮೊದಲಿನ ಎಣಿಕೆ. ಕೈಗೆ ಬಂದ ಸಗಣಿ ಸಾಲದೆ ಆ ಎಣಿಕೆ ತಪ್ಪಿತು. ಜನಕ್ಕೆ ಸೌದೆಯು ಕಾಸಿಲ್ಲದೆ ಸಿಗುತ್ತಿತ್ತು; ಅವರಿಗೆ ಬೇಕಾಗಿದ್ದುದು ಶುದ್ಧವಾದ ಕುಡಿಯುವ ನೀರು. ವಿಜ್ಞಾನಿಗಳು ಮುನಿಸಿಕೊಳ್ಳಲಿಲ್ಲ, ಲೆಕ್ಕವನ್ನೇ ತಿದ್ದಿದರು. 1987ರಿಂದ ಆ ಅನಿಲವನ್ನು ಡೀಸೆಲ್ ಇಂಜಿನ್ನಿಗೆ ಕೊಟ್ಟು ವಿದ್ಯುತ್ತನ್ನು ಪಡೆದು, ಕೊಳವೆ ಬಾವಿಯಿಂದ ನೀರೆತ್ತಿ ನಲ್ಲಿಗಳಿಗೆ ಹರಿಸಿದರು. ಮನೆಗಳಲ್ಲಿ ದೀಪ ಹತ್ತಿತು. ಸಗಣಿ ತಂದವರಿಗೆ ಕಾಸು ಸಿಕ್ಕಿತು, ಅನಿಲ ತೆಗೆದುಳಿದ ಬಗ್ಗಡವೂ ಗೊಬ್ಬರವಾಗಿ ಅವರ ಹೊಲಕ್ಕೇ ಮರಳಿತು. ಸುಮಾರು ಒಂದು ದಶಕ ನಡೆದು ಈ ಏರ್ಪಾಡು ನಿಂತಿತು. ನಿಂತಿತೆಂದು ನಗುವವರಿದ್ದಾರೆ. ಹತ್ತು ವರ್ಷ ನೀರು ಕೊಟ್ಟುದನ್ನು ಸೋಲೆನ್ನಲು ನನಗೆ ಮನಸ್ಸಾಗದು.

ವಿದ್ಯೆಯಿಂದ ವ್ಯಾಪಾರಕ್ಕೆ ಹೋದ ಉದಾಹರಣೆಯೂ ನಮ್ಮಲ್ಲಿದೆ. ಅಮೆರಿಕದಲ್ಲಿ ಸೌರಶಕ್ತಿಯನ್ನು ಕುರಿತು ಸಂಶೋಧನೆ ನಡೆಸಿದ ಹರೀಶ್ ಹಂದೆಯವರು 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿ, ಬ್ಯಾಂಕುಗಳ ಸಾಲದ ನೆರವಿನಿಂದ ಬಡವರ ಮನೆಗೆ ಸೌರದೀಪ ತಲುಪಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಬಡವನು ತಿಂಗಳಿಗೆ ಕೊಡಲಾರದುದನ್ನು ದಿನಕ್ಕಿಷ್ಟರಂತೆ ಕೊಡಬಲ್ಲನೆಂಬುದು ಯಂತ್ರಶಾಸ್ತ್ರದ ಪಾಠವಲ್ಲ, ನಮ್ಮ ಅರ್ಥಶಾಸ್ತ್ರದ್ದು. ಆದುದರಿಂದ ಇಂಥ ಕೆಲಸವೆಲ್ಲ ವಿಜ್ಞಾನದ ವಿದ್ಯಾರ್ಥಿಗಳಿಗೇ ಸೇರಿದ್ದೆಂದು ನಾವು, ಬಿ.ಎ. ತರಗತಿಯವರು, ದೂರ ನಿಲ್ಲುವುದೇಕೆ? ಪುರದಲ್ಲಿ ಮೊದಲು ಕೇಳಬೇಕಾಗಿದ್ದ ಪ್ರಶ್ನೆ, “ನಿಮಗೆ ಏನು ಬೇಕಮ್ಮಾ?” ಎಂಬುದು.

ನಮ್ಮ ಮನೆಯ ಅಡಿಗೆಗೆ ಈಗ ಗ್ಯಾಸ್ ಬಂದಿದೆ. ಸ್ನಾನದ ನೀರಿಗೆ ಮಾತ್ರ ಇನ್ನೂ ಹಳೆಯ ಒಲೆಯೇ. ಈ ಲೇಖನಕ್ಕಾಗಿ ಓದಿದುದನ್ನು ಅವ್ವನಿಗೆ ಹೇಳಿದೆ. ಊದುಗೊಳವೆಯನ್ನು ಕೆಳಗಿಟ್ಟು, “ಅದನ್ನ ಕಟ್ಟೋನು ಯಾರಾದ್ರೂ ಇದಾನೇನಪ್ಪಾ?” ಎಂದಳು. ವಿಚಾರಿಸುತ್ತಿದ್ದೇನೆ.