ಚಿನ್ನದ ಗಣಿಯಾಳದಲ್ಲಿ ಹೊಸ ಕಣದ ಸುಳಿವು

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ ಹಾದು ಬಂಗಾರಪೇಟೆಗೆ ರೈಲು ಹಳಿ ಇದೆ. ಅಲ್ಲಿಂದ ಕವಲೊಡೆಯುವ ಇನ್ನೊಂದು ಹಳಿ ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಇದು ಕೆಜಿಎಫ್, ಅಂದರೆ ಕೋಲಾರ ಚಿನ್ನದ ಗಣಿಗಳ ಊರು. 2007ರವರೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು ಸೀಮೆಯೂ ಇದೇ ಕೋಲಾರ ಜಿಲ್ಲೆಯಲ್ಲಿತ್ತು. ಇಲ್ಲಿನ ಒಂದು ಗಣಿಯ ಹೆಸರೇ ನಂದಿದುರ್ಗ.

ಚಿನ್ನ ಮತ್ತು ಸೈನೈಡ್ ದಿಬ್ಬಗಳಿಗೆ ಹೆಸರಾದ ಈ ಊರು ಭೌತವಿಜ್ಞಾನಿಗಳಿಗೆ ಬೇರೆ ಕಾರಣಕ್ಕೆ ಪರಿಚಿತ. ಹೋಮಿ ಭಾಭಾ ಅವರ ಸೂಚನೆಯಂತೆ 1951ರಲ್ಲಿ ಇಲ್ಲಿ ಕಾಸ್ಮಿಕ್ ಕಿರಣಗಳ ಅಧ್ಯಯನಕ್ಕೆ ಇಳಿದವರು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. ಮುಂದೆ ಅವರು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಆಕಾಶದಿಂದ ಸುರಿಯುವ ಮ್ಯೂಯಾನ್ ಕಣಗಳು ಆಳಕ್ಕೆ ಹೋದಷ್ಟೂ ಬಂಡೆಯಲ್ಲಿ ಇಂಗಿಹೋಗುತ್ತವೆ. ಚಾಂಪಿಯನ್ ರೀಫ್ ಗಣಿಯ 2.3 ಕಿ.ಮೀ. ಆಳದಲ್ಲಿ ಅವುಗಳ ಗದ್ದಲ ಬಹುತೇಕ ಅಡಗಿರುತ್ತದೆ. ಅಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಂ ವಿಜ್ಞಾನಿಗಳು ಸೇರಿ 1965ರಲ್ಲಿ, ಬಂಡೆಯನ್ನೂ ಸಲೀಸಾಗಿ ತೂರಿ ಬರುವ ವಾತಾವರಣದ ನ್ಯೂಟ್ರಿನೊ ಕಣಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಈ ಸಾಧನೆ ಆಯಿತು.

ಕೋಲಾರದ ಉಪಕರಣದಲ್ಲಿ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳ ಸಾಲುಗಳಿದ್ದವು. ವಿದ್ಯುದಾವೇಶದ ಕಣ ಹಾದರೆ ಸಿಂಟಿಲೇಟರ್ ಎಂಬ ಪತ್ತೆ ಸಾಧನಗಳು ಸೂಚನೆ ಕೊಡುತ್ತಿದ್ದವು. ಕೂಡಲೇ ಕೊಳವೆಗಳಿಗೆ ಹೈ ವೋಲ್ಟೇಜ್ ಕೊಟ್ಟಾಗ ಕಣ ತೂರಿದ ಕೊಳವೆಗಳು ಮಾತ್ರ ಮಿನುಗುತ್ತಿದ್ದವು; ಆ ಮಿಂಚಿನ ಸಾಲನ್ನು ಕ್ಯಾಮೆರಾ ಫಿಲ್ಮಿಗೆ ಇಳಿಸುತ್ತಿತ್ತು.

ಇಂಥ ಕೆಲವು ಚಿತ್ರಗಳು ವಿಜ್ಞಾನಿಗಳನ್ನು ಬೆಚ್ಚಿಬೀಳಿಸಿದವು. ಎರಡು ಅಥವಾ ಹೆಚ್ಚು ಜಾಡುಗಳು ಹಿಂದಕ್ಕೆ ಹೋಗಿ ಕೂಡುತ್ತಿದ್ದ ಬಿಂದು ಬಂಡೆಯೊಳಗೆ ಇರಲಿಲ್ಲ. ಬಂಡೆಗೂ ಉಪಕರಣಕ್ಕೂ ನಡುವಿನ ಬರಿಯ ಗಾಳಿಯಲ್ಲಿತ್ತು. ಬಂಡೆಯಲ್ಲಿ ಹುಟ್ಟಿದ ಅಪರಿಚಿತ ಕಣವೊಂದು ಹೊರಬಂದು ಗಾಳಿಯಲ್ಲಿ ಒಡೆದಿರಬೇಕೆಂದು ತಂಡ 1975ರಲ್ಲಿ ಪ್ರಕಟಿಸಿತು. ಅಂದಾಜಿನ ಪ್ರಕಾರ ಅದರ ತೂಕ ಪ್ರೋಟಾನಿನ ಎರಡು ಪಟ್ಟಿಗೂ ಹೆಚ್ಚು, ಆಯಸ್ಸು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಷ್ಟು. ಇವೇ ‘ಕೋಲಾರ್ ಇವೆಂಟ್ಸ್’. ಯುರೋಪ್, ಅಮೆರಿಕದ ವೇಗವರ್ಧಕಗಳಲ್ಲಿ ಹುಡುಕಿದರೂ ಆ ಕಣ ಸಿಗಲಿಲ್ಲ. 2014ರಲ್ಲಿ ಚೆನ್ನೈನ ಸೈದ್ಧಾಂತಿಕ ವಿಜ್ಞಾನಿಗಳಾದ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್, ಅವು ಡಾರ್ಕ್ ಮ್ಯಾಟರ್ ಎಂಬ ಕಣ್ಣಿಗೆ ಕಾಣದ ದ್ರವ್ಯದ ಕಣಗಳ ಒಡೆಯುವಿಕೆ ಆಗಿರಬಹುದೇ ಎಂದು ಮತ್ತೆ ಕೇಳಿದರು.

ಜಿನೀವಾ ಬಳಿಯ 27 ಕಿ.ಮೀ. ಸುತ್ತಳತೆಯ ಹ್ಯಾಡ್ರಾನ್ ಕೊಲೈಡರ್‌ನಲ್ಲೂ ಇಂದು ಇದೇ ಬಗೆಯ ಹುಡುಕಾಟ ನಡೆದಿದೆ. ಪ್ರೋಟಾನುಗಳು ಡಿಕ್ಕಿಯಾದ ಜಾಗದಿಂದ ಕೊಂಚ ದೂರ ಸಾಗಿ ಒಡೆಯುವ ಭಾರದ ಕಣಗಳ ಜಾಡನ್ನು ದತ್ತಾಂಶ ರಾಶಿಯಲ್ಲಿ ಅರಸುತ್ತಾರೆ. ಅಲ್ಲಿನ ಸಿಎಂಎಸ್ ಪ್ರಯೋಗದಲ್ಲಿ ಅದೇ ಟಾಟಾ ಸಂಸ್ಥೆಯೂ ಪಾಲುದಾರ.

ಪ್ರೋಟಾನ್ ತಾನಾಗಿ ಒಡೆಯುತ್ತದೆಯೇ ಎಂದು ನೋಡುವ ಪ್ರೋಟಾನ್ ಕ್ಷಯದ ಪ್ರಯೋಗಕ್ಕೂ 1980ರಿಂದ ನೆಲೆಯಾಗಿದ್ದ ಕೋಲಾರದ ಗಣಿಯ ಆಳದ ಪ್ರಯೋಗಾಲಯ ಈಗಿಲ್ಲ. ಚಿನ್ನದ ಗಣಿಗಾರಿಕೆಯೂ 2001ರ ಫೆಬ್ರುವರಿ 28ರಂದು ನಿಂತಿತು. ಕೋಲಾರದ ಕಣ ಸಾಬೀತಾಗಲಿಲ್ಲ. ಆದರೆ ಕಂಡದ್ದನ್ನು ಮುಚ್ಚಿಡದೆ, ಬೇರೆಯವರು ಪರೀಕ್ಷಿಸಲೆಂದು ಲೋಕದ ಮುಂದಿಟ್ಟದ್ದು ಅಪ್ಪಟ ವಿಜ್ಞಾನ. ಶಿಡ್ಲಘಟ್ಟ, ಚಿಂತಾಮಣಿಯ ಮೇಷ್ಟ್ರುಗಳೇ, ಗೌರಿಬಿದನೂರಿನ ರೇಡಿಯೊ ದೂರದರ್ಶಕದ ಬಗ್ಗೆ ಮಕ್ಕಳಿಗೆ ಹೇಳುವಾಗ ನೆರೆಯ ಈ ಗಣಿಯ ಕಥೆಯನ್ನೂ ತಪ್ಪದೆ ಹೇಳಿ.