ಖಾಲಿ ಮನೆ, ಸೊನ್ನೆಯ ಮನೆ

ಜುಲೈ ಮಳೆ ಮುಂಬೈ ಬಳಿಯ ಅಂಬರನಾಥಕ್ಕೆ ಹಿಡಿದರೆ ಬೇಗ ಬಿಡುವುದಿಲ್ಲ. 1060ರ ಶಿವಾಲಯದ ಮಗ್ಗುಲಲ್ಲಿ ವಾಲಧುನಿ ನದಿ ಉಕ್ಕಿ ಹರಿಯುತ್ತದೆ. ಶಾಲೆಯ ಕಂಪ್ಯೂಟರ್ ಕೋಣೆಯ ಕಿಟಕಿ ಸರಳುಗಳಲ್ಲಿ ನೇತುಹಾಕಿದ ರೇನ್‌ಕೋಟುಗಳಿಂದ ನೀರು ತೊಟ್ಟಿಕ್ಕುತ್ತಿದೆ.

ಒಂದೊಂದು ಕಂಪ್ಯೂಟರಿನ ಮುಂದೆ ಮೂರು ಮೂರು ಮಕ್ಕಳು. ಮೌಸ್ ಒಬ್ಬಳ ಕೈಯಲ್ಲಿ, ಇನ್ನೊಬ್ಬನ ಬೆರಳು ಪರದೆಯ ಮೇಲೆ. ಮೂರನೆಯವಳು ನೋಟ್‌ಬುಕ್ಕಿನಲ್ಲಿ ಕೂಡಿ ನೋಡುತ್ತಿದ್ದಾಳೆ. ಟೀಚರ್ ಕೊಟ್ಟಿರುವುದು ಮೂವರ ಅಂಕ: 40, 20, ಗೈರುಹಾಜರಿ. ಗೈರಾದವನ ಅಂಕದ ಮನೆಯನ್ನು (ಸೆಲ್) ಖಾಲಿ ಬಿಟ್ಟವರಿಗೆ ಎಕ್ಸೆಲ್ ಸರಾಸರಿ 30 ಎಂದಿತು. ಅಲ್ಲಿ ಸೊನ್ನೆ ತುಂಬಿದವರಿಗೆ 20 ಬಂತು.

"ಟೀಚರ್, ಯಾರದು ಸರಿ?"

"ಪರೀಕ್ಷೆಗೇ ಬಾರದವನಿಗೆ ಸೊನ್ನೆ ಬಂತು ಅನ್ನಬಹುದಾ? ನೀವೇ ಹೇಳಿ."

ಕೋಣೆಯ ತುಂಬ ಗದ್ದಲ. ಸೂತ್ರ ಬಾಯಿಪಾಠ ಮಾಡಿಸುವ ತರಗತಿಯಲ್ಲಿ ಇಂಥ ಗದ್ದಲ ಕೇಳಸಿಗುವುದಿಲ್ಲ.

ಸಂಖ್ಯಾಶಾಸ್ತ್ರವನ್ನು ಹೀಗೆ ಕಂಪ್ಯೂಟರಿನಲ್ಲಿ ಕಲಿಸುವುದನ್ನು ಸ್ಟಾಫ್‌ರೂಮಿನಲ್ಲಿ ಎಲ್ಲರೂ ಒಪ್ಪುವುದಿಲ್ಲ. ಕಲ್ಯಾಣ, ಡೊಂಬಿವಲಿಗಳಿಂದ ಲೋಕಲ್ ರೈಲು ಹಿಡಿದು ಬರುವ ಹಿರಿಯ ಶಿಕ್ಷಕರಿಗೆ ಬೋರ್ಡ್ ಪರೀಕ್ಷೆಯ ಚಿಂತೆ. ಮಹಾರಾಷ್ಟ್ರದ ಹತ್ತನೇ ತರಗತಿಯಲ್ಲಿ ಗಣಿತ ಭಾಗ-1ರ ಕೊನೆಯ ಪಾಠ ಸಂಖ್ಯಾಶಾಸ್ತ್ರ. ಅಲ್ಲಿ ವರ್ಗಾಂತರ, ಆವೃತ್ತಿ, ಕೋಷ್ಟಕ ಎಲ್ಲವನ್ನೂ ಪೆನ್ನಿನಲ್ಲೇ ಬರೆಯಬೇಕು. ಅವರ ಇನ್ನೊಂದು ಆಕ್ಷೇಪಕ್ಕೆ ನಿಜವಾದ ತೂಕವಿದೆ. ಹಿಸ್ಟೊಗ್ರಾಮಿನ ಕಂಬಗಳು ಒಂದಕ್ಕೊಂದು ತಾಗಿರಬೇಕು. ಎಕ್ಸೆಲ್‌ನ ಮಾಮೂಲಿ ಕಂಬ ನಕ್ಷೆಯಲ್ಲಿ ನಡುವೆ ಜಾಗ ಉಳಿಯುತ್ತದೆ, ಮಕ್ಕಳು ಅದನ್ನೇ ಸರಿಯೆಂದು ನಂಬುತ್ತಾರೆ. ಎಕ್ಸೆಲ್‌ಗೆ ಹಿಸ್ಟೊಗ್ರಾಮ್ ಪ್ರತ್ಯೇಕ ನಕ್ಷೆಯಾಗಿ ಸೇರಿದ್ದೇ 2016ರ ಆವೃತ್ತಿಯಲ್ಲಿ. ಹಳೆಯದರಲ್ಲಿ ಆ ಜಾಗವನ್ನು ಕೈಯಾರೆ ಸೊನ್ನೆಗೆ ಇಳಿಸಬೇಕು. ನನಗಂತೂ ಇಳಿಸುವ ಆ ಗಳಿಗೆಯೇ ಒಳ್ಳೆಯ ಪಾಠವಾಗಿ ಕಾಣುತ್ತದೆ: ಜಾಗ ಯಾಕಿರಬಾರದು ಎಂದು ಕೇಳಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಒಂದು ನಕ್ಷೆಯನ್ನು ಮೊದಲು ಗ್ರಾಫ್ ಹಾಳೆಯಲ್ಲಿ ಬರೆಸಿ, ಆಮೇಲೆ ಪರದೆಗೆ ತರಬೇಕು. ಕ್ರಮ ತಿರುಗಿದರೆ ಹಿರಿಯರ ಭಯವೇ ನಿಜವಾಗುತ್ತದೆ.

ಕಂಪ್ಯೂಟರ್ ಕೋಣೆಯಲ್ಲಿ ಈಗ ಟೀಚರ್ ಬೋರ್ಡಿನ ಮೇಲೆ ಎರಡು ಅಂಕಿ ಬರೆದರು. 2005ರ ಜುಲೈ 26ರಂದು ಮುಂಬೈಯನ್ನು ಮುಳುಗಿಸಿದ ಮಳೆ: ಸಾಂತಾಕ್ರೂಜ್ 944 ಮಿ.ಮೀ., ಕೊಲಾಬಾ 74. ಕ್ಷಣದಲ್ಲಿ ಸರಾಸರಿ ಬಂತು, 509. ಅಷ್ಟು ಮಳೆ ಸಾಂತಾಕ್ರೂಜಿನಲ್ಲೂ ಬಿದ್ದಿರಲಿಲ್ಲ, ಕೊಲಾಬಾದಲ್ಲೂ ಬಿದ್ದಿರಲಿಲ್ಲ. ಮನೆಯಲ್ಲಿ ದೊಡ್ಡವರಿಂದ ಆ ದಿನದ ಕತೆ ಕೇಳಿ ಬೆಳೆದ ಹುಡುಗನೊಬ್ಬ ಎದ್ದು ನಿಂತು, ಈ 509ನ್ನು ನಂಬಿ ಯಾರಾದರೂ ಚರಂಡಿ ಕಟ್ಟಿಸಿದರೆ ಗತಿಯೇನು ಎಂದು ಕೇಳಿದ. ಕಂಪ್ಯೂಟರ್ ಲೆಕ್ಕದಲ್ಲಿ ಉಳಿಸಿದ ಸಮಯ ಹೀಗೆ ಖರ್ಚಾಗಬೇಕು.

ಲಿಖಿತ ಪರೀಕ್ಷೆಯ 80 ಅಂಕಗಳನ್ನು ಯಾರೂ ಮುಟ್ಟಬೇಕಿಲ್ಲ. ಗಣಿತಕ್ಕೆ ಶಾಲೆಯೇ ಕೊಡುವ ಆಂತರಿಕ ಅಂಕ 20 ಇದೆ. ಅದರಲ್ಲಿ ಒಂದು ಚಟುವಟಿಕೆಯನ್ನಾದರೂ ಮಕ್ಕಳೇ ಕಲೆಹಾಕಿದ ಅಂಕಿಗಳಿಗೆ, ಕಂಪ್ಯೂಟರ್ ಕೋಣೆಗೆ ಮೀಸಲಿಡಿ. ಅಂಬರನಾಥದ ಶಿಕ್ಷಕರಲ್ಲೂ ಕರ್ನಾಟಕದ ಶಿಕ್ಷಕರಲ್ಲೂ ನನ್ನ ವಿನಂತಿ ಇಷ್ಟೇ.